ಸಚಿವರೇ, ನೆಟೆ ರೋಗಕ್ಕೆ ಪರಿಹಾರದ ಚೆಕ್ ಒಂದೇ ಸಾಕಾ?

ಮಾನ್ಯ ಕೃಷಿ ಸಚಿವರಿಗೆ, ಕಲಬುರಗಿಯಿಂದ ನಮಸ್ಕಾರ.

ತೊಗರಿಗೆ ನೆಟೆ ರೋಗ ಬಂತು ಅಂದರೆ ಸಮೀಕ್ಷೆ, ಪರಿಹಾರ, ಹೆಕ್ಟೇರಿಗೆ ಎಷ್ಟು ಅನ್ನುವ ಮಾತು ಶುರುವಾಗುತ್ತದೆ. ದುಡ್ಡು ಬೇಡ ಅನ್ನೋಕೆ ನಾವೇನು ಸಾಹುಕಾರರಲ್ಲ. ಆದರೆ 2022ರಲ್ಲಿ ಹೂವು-ಕಾಯಿ ಹೊತ್ತಿಗೆ ಬೆಳೆ ನಿಂತಲ್ಲೇ ಒಣಗಿತಲ್ಲ, ಆಗ ಯಾವ ಹೋಬಳಿಯಲ್ಲಿ ಯಾವ ತಳಿ ತಡೆಯಿತು, ಯಾವುದು ಬಿತ್ತು ಅಂತ ನಮಗೆ ಬಿಡಿಸಿ ಹೇಳಿದವರು ಯಾರು?

ರೋಗ ತರುವುದು ಫ್ಯುಸೇರಿಯಂ ಉಡಮ್ ಅನ್ನುವ ಫಂಗಸ್. ಅದು ಮಣ್ಣಲ್ಲಿ ವರ್ಷಗಟ್ಟಲೆ ಬದುಕುತ್ತದೆ, ಬೇರಿನಿಂದ ಒಳಗೆ ಹೊಕ್ಕು ನೀರು ಏರುವ ನಾಳಗಳನ್ನೇ ಹಿಡಿಯುತ್ತದೆ. ಒಣಗಿದ ಗಿಡದ ಕಾಂಡ ಸೀಳಿದರೆ ಕಪ್ಪು ಗೆರೆ ಕಾಣುವುದು ಅದಕ್ಕೇ. ಈ ಜಾತಿಯ ಫಂಗಸ್‌ಗಳು ಒಳಗೆ ನುಗ್ಗುವಾಗ ಕಿಣ್ವಗಳನ್ನು ಬಿಡುತ್ತವೆ. ಗಿಡದ ಜೀವಕೋಶದ ಗೋಡೆಯಲ್ಲಿ ಪೆಕ್ಟಿನ್ ಅನ್ನುವ ಅಂಟಿನಂಥ ವಸ್ತು ಇರುತ್ತದೆ. ಪಾಲಿಗ್ಯಾಲಕ್ಟುರೊನೇಸ್ ಅನ್ನುವ ಕಿಣ್ವ ಅದನ್ನು ಕತ್ತರಿಯ ಹಾಗೆ ತುಂಡು ಮಾಡುತ್ತದೆ. ಹೆಸರು ಉದ್ದ, ಕೆಲಸ ಅಷ್ಟೇ.

ಗಿಡವೇನೂ ಸುಮ್ನೆ ಕೂರುವುದಿಲ್ಲ. ಈ ಕಿಣ್ವಕ್ಕೇ ಅಂಟಿಕೊಂಡು ಅದರ ಕೆಲಸ ತಡೆಯುವ ಪ್ರೋಟೀನ್ ಗೋಡೆಯಲ್ಲಿರುತ್ತದೆ, ವಿಜ್ಞಾನಿಗಳು ಅದನ್ನು ಪಿಜಿಐಪಿ ಅನ್ನುತ್ತಾರೆ. 1970ರ ದಶಕದಿಂದಲೂ ಬೀನ್ಸ್ ಗಿಡದಲ್ಲಿ ಇದನ್ನು ಓದುತ್ತಿದ್ದಾರೆ. ನನಗೆ ಜಾಸ್ತಿ ಹಿಡಿಸಿದ್ದು ಇದು: ಕತ್ತರಿಸುವ ವೇಗ ಕಡಿಮೆಯಾದರೆ ಪೆಕ್ಟಿನ್ ಪೂರ್ತಿ ಪುಡಿಯಾಗುವುದಿಲ್ಲ, ಸ್ವಲ್ಪ ಉದ್ದದ ಚೂರುಗಳು ಉಳಿಯುತ್ತವೆ, ಆ ಚೂರುಗಳಿಂದಲೇ ಗಿಡಕ್ಕೆ ದಾಳಿಯ ಸುಳಿವು ಸಿಕ್ಕಿ ಉಳಿದ ರಕ್ಷಣೆಗಳೂ ಶುರುವಾಗುತ್ತವೆ. ಬೀನ್ಸಿನ ಈ ಪ್ರೋಟೀನನ್ನು ಗೋಧಿಗೆ ಸೇರಿಸಿ ನೋಡಿದಾಗ ತೆನೆಯ ಫ್ಯುಸೇರಿಯಂ ರೋಗ ಕಡಿಮೆಯಾಗಿದೆ.

ಆದರೆ ಎಲ್ಲ ಪ್ರೋಟೀನೂ ಎಲ್ಲ ಕಿಣ್ವವನ್ನು ತಡೆಯುವುದಿಲ್ಲ. ರೋಗ ನಿಲ್ಲಿಸುವುದು ಇದೊಂದರ ಕೆಲಸವೂ ಅಲ್ಲ. ನೆಟೆ ರೋಗದ ಫಂಗಸ್‌ನಲ್ಲೂ ಬೇರೆ ಬೇರೆ ಬಗೆಗಳಿವೆ, ಹಾಗಾಗಿ ಒಂದು ಕಡೆ ಗಟ್ಟಿ ನಿಂತ ತಳಿ ಇನ್ನೊಂದು ಕಡೆ ಮಲಗಬಹುದು. 1986ರಲ್ಲಿ ಬಂದ ಮಾರುತಿ, ಆಮೇಲಿನ ಆಶಾ, ಟಿಎಸ್-3ಆರ್ ಎಲ್ಲವೂ ಈ ರೋಗ ತಡೆಯಲೆಂದೇ ಆರಿಸಿದ ತಳಿಗಳು. ಅವು ನಮ್ಮ ಇವತ್ತಿನ ಫಂಗಸ್ ಎದುರು ಹೇಗೆ ನಿಲ್ಲುತ್ತವೆ ಅಂತ ಪ್ರತಿ ವರ್ಷ ನೋಡಬೇಕು, ಅಲ್ವಾ?

ಕೇಳುವುದು ಇಷ್ಟೇ. ಆಳಂದ, ಅಫಜಲಪುರ, ಚಿತ್ತಾಪುರ, ಜೇವರ್ಗಿ, ಹೀಗೆ ಎಲ್ಲ ತಾಲ್ಲೂಕುಗಳಿಂದ ಒಣಗಿದ ಗಿಡ ತರಿಸಿ, ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆ ಫಂಗಸ್ ಎದುರು ತಳಿಗಳನ್ನು ಬೆಳೆಸಿ ನೋಡಲು ಪ್ರತಿ ವರ್ಷದ ಹಣ ಇಡಿ. ಕಿಣ್ವದ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ. ಪೆಕ್ಟಿನ್ ಬೆರೆಸಿದ ಅಗರ್ (ಜೆಲ್ಲಿಯಂಥ ವಸ್ತು) ತಟ್ಟೆಗೆ ಕಿಣ್ವವನ್ನು ಒಮ್ಮೆ ಹಾಗೇ, ಇನ್ನೊಮ್ಮೆ ತಳಿಯ ಪಿಜಿಐಪಿ ಬೆರೆಸಿ ಹಾಕಿ, ಆಮೇಲೆ ಕೆಂಪು ಬಣ್ಣ ಹಚ್ಚಿದರೆ, ಪೆಕ್ಟಿನ್ ಎಷ್ಟು ಅಗಲ ಕರಗಿತು ಅಂತ ಕಣ್ಣಿಗೇ ಕಾಣುತ್ತದೆ. ಕೋಟಿಗಟ್ಟಲೆಯ ಯಂತ್ರ ಬೇಡ.

ಮತ್ತೆ, ಆ ವರದಿ ಯಾವುದೋ ಕಡತದಲ್ಲಿ ಕೂರಬಾರದು. ಮುಂಗಾರು ಬಿತ್ತನೆಗೆ ಮೊದಲೇ ಎಲ್ಲ ರೈತ ಸಂಪರ್ಕ ಕೇಂದ್ರಗಳ ಗೋಡೆಗೆ, ತಳಿಯ ಹೆಸರಿನ ಸಮೇತ, ಕನ್ನಡದಲ್ಲಿ ಅಂಟಿಸಿ.

ಇಂತಿ,
ತೊಗರಿ ಬೆಳೆಯುವ ಒಬ್ಬ ರೈತ