ಆ ತೂತು ಮುಚ್ಚಿಸಬೇಡಿ

ಸಂಪಾದಕರೇ,

ಹೋದ ತಿಂಗಳು ಹಳೇ ಪಾತ್ರೆ ಅಂಗಡಿಯೊಂದರಲ್ಲಿ ತಾಮ್ರದ ಬಟ್ಟಲೊಂದನ್ನು ಕೊಂಡೆ. ತೂಕದ ಲೆಕ್ಕಕ್ಕೆ ಕೊಟ್ಟರು. ‘ತಳದಲ್ಲಿ ತೂತಿದೆ ಮೇಡಂ, ಚೂರು ಬೆಸುಗೆ ಹಾಕಿಸಿದರೆ ಸಾರಿನ ಪಾತ್ರೆ ಆಗುತ್ತೆ’ ಎಂದರು ಅಂಗಡಿಯವರು. ದಯವಿಟ್ಟು ಯಾರೂ ಹಾಗೆ ಮಾಡಿಸಬೇಡಿ ಎಂದು ಹೇಳುವುದಕ್ಕೇ ಈ ಪತ್ರ.

ಬಟ್ಟಲು ತೆಂಗಿನಕಾಯಿ ಹೋಳಿನ ಆಕಾರದ್ದು, ತುಂಬಾ ತೆಳು. ನೆಲದ ಮೇಲಿಟ್ಟರೆ ವಾಲುತ್ತದೆ. ಒಳಗೆ ಕಲಾಯಿ ಇಲ್ಲ. ಕಲಾಯಿ ಇಲ್ಲದ ತಾಮ್ರದಲ್ಲಿ ಹುಳಿ ಹಾಕಿ ಯಾರಾದರೂ ಸಾರು ಮಾಡುತ್ತಾರಾ? ಹೊರಗೆ ಮಸಿಯ ಗುರುತೂ ಇಲ್ಲ. ಸವೆದು ಬಿದ್ದ ತೂತಾಗಿದ್ದರೆ ಅಂಚು ಹರಿದಿರಬೇಕಿತ್ತು. ಇದು ತಳದ ನಟ್ಟನಡುವೆ, ಸೂಜಿಮೊನೆಯಷ್ಟು, ದುಂಡಗಿದೆ. ಬೇಕೆಂದೇ ಮಾಡಿದ್ದು.

ನಮ್ಮ ಬೀದಿಯ ವಯಸ್ಸಾದ ಪುರೋಹಿತರು ಕೈಗೆ ತೆಗೆದುಕೊಂಡವರೇ ‘ಗಳಿಗೆ ಬಟ್ಟಲು ಕಣಮ್ಮಾ’ ಎಂದರು. ಮದುವೆ ಮನೆಯಲ್ಲಿ ನೀರು ತುಂಬಿದ ಪಾತ್ರೆಯಲ್ಲಿ ಇದನ್ನು ತೇಲಿಬಿಟ್ಟು ಮುಹೂರ್ತದ ಹೊತ್ತು ನೋಡುತ್ತಿದ್ದರಂತೆ. ತೂತಿನಿಂದ ನೀರು ಮೆಲ್ಲಗೆ ಒಳಗೆ ಬರುತ್ತದೆ, ತುಂಬಿದಾಗ ಬಟ್ಟಲು ಮುಳುಗುತ್ತದೆ. ಒಂದು ಸಲ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ. ಹಳೇ ಸಂಸ್ಕೃತ ಖಗೋಳ ಗ್ರಂಥ ಸೂರ್ಯಸಿದ್ಧಾಂತದಲ್ಲೂ ಈ ಬಟ್ಟಲಿನ ಮಾತಿದೆ: ತಳದಲ್ಲಿ ತೂತಿರುವ ತಾಮ್ರದ ಪಾತ್ರೆ, ಶುದ್ಧ ನೀರು, ದಿನಕ್ಕೆ 60 ಸಲ ಮುಳುಗಬೇಕು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಶಾಲೆಗೆ ಒಯ್ದು ಬಕೆಟ್ ನೀರಿನಲ್ಲಿ ತೇಲಿಬಿಟ್ಟೆ. ತೂತಿನ ಮೇಲೆ ಸಣ್ಣ ಚಿಲುಮೆ ಎದ್ದಿತು. ಮಕ್ಕಳು ಬಕೆಟ್ ಸುತ್ತ ಕೂತವರು ಏಳಲಿಲ್ಲ. ಕೊನೆಗೆ ಬಟ್ಟಲಿನ ಅಂಚು ನೀರಿಗೆ ಸಮನಾಯಿತು, ಗುಳುಕ್ ಅಂತ ಒಮ್ಮೆಗೇ ತಳ ಸೇರಿತು. ಮೊಬೈಲಿನಲ್ಲಿ ನೋಡಿದರೆ 23 ನಿಮಿಷ ದಾಟಿತ್ತು. ಯಾವ ಕಾಲದ ಯಾರ ಕೈಕೆಲಸವೋ, ಇವತ್ತಿಗೂ ಎಷ್ಟು ಸರಿಯಾಗಿದೆ ನೋಡಿ!

ನಿಮ್ಮ ಅಟ್ಟದಲ್ಲೂ ಇಂಥದ್ದು ಸಿಕ್ಕರೆ ಹುಣಸೆಹಣ್ಣು ಹಾಕಿ ಗಸಗಸ ತಿಕ್ಕಬೇಡಿ. ತಾಮ್ರ ಸವೆದು ಹಗುರಾದರೆ ಮುಳುಗುವ ಹೊತ್ತು ಬದಲಾಗುತ್ತದೆ. ತೂತು ಕಟ್ಟಿಕೊಂಡಿದ್ದರೆ ಪಿನ್ನು ಚುಚ್ಚಬೇಡಿ, ನೀರಿನಲ್ಲಿ ನೆನೆಯಲು ಬಿಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಬೆಸುಗೆ ಹಾಕಿಸಿದರಂತೂ ಮುಗಿದೇ ಹೋಯಿತು.

ರಾಮನಗರದ ಜಾನಪದ ಲೋಕದಂಥ ಕಡೆ ಹಳೇ ವಸ್ತುಗಳು ಜೋಪಾನವಾಗಿವೆ. ಆದರೆ ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗುವ ಸಾಮಾನನ್ನು ಯಾರು ಗುರುತಿಸಬೇಕು? ಗುರುತಿಸಬಲ್ಲವರು ನಮ್ಮ ನಡುವೆಯೇ ಇದ್ದಾರೆ, ಎಂಬತ್ತು ದಾಟಿದವರು. ಅವರಲ್ಲಿ ಎಷ್ಟೋ ಮಂದಿ ದಿನಾ ನಿಮ್ಮ ಪತ್ರಿಕೆ ಓದುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ: ವಾರಕ್ಕೊಂದು ಹಳೇ ವಸ್ತುವಿನ ಫೋಟೊ ಹಾಕಿ, ‘ಇದೇನು?’ ಎಂದು ಓದುಗರನ್ನು ಕೇಳಬಾರದೇ? ಜಾಸ್ತಿ ಜಾಗ ಬೇಡ, ಒಂದು ಮೂಲೆ ಸಾಕು. ಬರೀ ಹೆಸರು ಬೇಡ. ಯಾವ ಊರು, ಯಾರು ಬಳಸುತ್ತಿದ್ದರು, ಹೇಗೆ ಹಿಡಿಯುತ್ತಿದ್ದರು, ಎಲ್ಲವನ್ನೂ ಬರೆಸಿ. ಕಾರ್ಡಿನಲ್ಲಿ ಬರೆದು ಕಳಿಸಿದರೂ ತೆಗೆದುಕೊಳ್ಳಿ. ಅವರಲ್ಲಿ ಬಹಳ ಜನಕ್ಕೆ ಮೊಬೈಲಿನಲ್ಲಿ ಟೈಪ್ ಮಾಡಲು ಬರುವುದಿಲ್ಲ.

– ವಿಜ್ಞಾನ ಶಿಕ್ಷಕಿ, ತಿಪಟೂರು