ಬಂದರು ಸಚಿವರಿಗೆ ಬಹಿರಂಗ ಪತ್ರ: ಬಸ್ರೂರಿಗೂ ಮಂಗಳೂರಿನ ಧಕ್ಕೆಗೂ ಒಂದೇ ನೀಲನಕ್ಷೆ ಬೇಡ

ಕರ್ನಾಟಕ ಸರ್ಕಾರದ ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ,

ಮಾನ್ಯರೆ,

ಕರಾವಳಿಯ ನದಿಗಳಲ್ಲಿ ಜೆಟ್ಟಿ ಕಟ್ಟುವ, ದೋಣಿಯಾನ ಆರಂಭಿಸುವ ಮಾತು ಆಗಾಗ ಕೇಳಿಬರುತ್ತದೆ. ಆ ಮಾತಿನಲ್ಲಿ ನದಿದಂಡೆಗಳೆಲ್ಲ ಒಂದೇ ಆಗಿಬಿಡುತ್ತವೆ ಎಂಬುದೇ ನನ್ನ ಆಕ್ಷೇಪ. ಎರಡು ಊರುಗಳನ್ನು ಮುಂದಿಟ್ಟು ಇದನ್ನು ವಿವರಿಸಲು ಅನುಮತಿ ಕೋರುತ್ತೇನೆ.

ಮಂಗಳೂರಿನ ಹಳೆಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲಿಗೆ ಸೇರುವಲ್ಲಿದೆ. 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ಪ್ರಮುಖ ಬಂದರಿನ ಸ್ಥಾನ ದೊರೆತ ಮೇಲೆ ದೊಡ್ಡ ಹಡಗುಗಳ ಲೆಕ್ಕ ಅಲ್ಲಿಗೆ ಹೋಯಿತು. ಆದರೆ ಹಳೆಬಂದರು ಖಾಲಿಯಾಗಲಿಲ್ಲ. ಮೀನುಗಾರಿಕೆಯ ಋತುವಿನಲ್ಲಿ ಬೆಳಕು ಹರಿಯುವ ಮೊದಲೇ ಬೋಟುಗಳು ತಂಗುವ ಧಕ್ಕೆಯಲ್ಲಿ ಬೂತಾಯಿ, ಬಂಗುಡೆ ಮೀನಿನ ಬುಟ್ಟಿಗಳ ಸುತ್ತ ಹರಾಜು ಕೂಗುತ್ತಿರುತ್ತಾರೆ, ಮಂಜುಗಡ್ಡೆ ಪುಡಿಮಾಡುವ ಯಂತ್ರದ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದು. ಇನ್ನೊಂದು ಬದಿಯಲ್ಲಿ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳೆಂಬ ಸರಕು ದೋಣಿಗಳಿಗೆ ಅಕ್ಕಿ, ನೀರುಳ್ಳಿ, ತರಕಾರಿ, ಜಲ್ಲಿ, ಸಿಮೆಂಟು ಏರುತ್ತವೆ. ಹಲಗೆಯ ಮೇಲೆ ಮೂಟೆ ಹೊತ್ತು ನಡೆಯುವ ಕಾರ್ಮಿಕನ ಹೆಜ್ಜೆ ನೀರಿನ ಏರಿಳಿತದೊಂದಿಗೇ ತೂಗುತ್ತದೆ. ಎದುರು ದಂಡೆಯ ಬೆಂಗ್ರೆಯವರು ಪೇಟೆಗೆ ಬರುವುದೂ ಇದೇ ನೀರನ್ನು ದಾಟಿ.

ಇಷ್ಟೆಲ್ಲ ವಹಿವಾಟು ನಿಂತಿರುವುದು ನದಿಗಳು ಕಡಲು ಸೇರುವ ಬಾಯಿಯಾದ ಅಳಿವೆಯ ಆಳದ ಮೇಲೆ. ಮಳೆಗಾಲದಲ್ಲಿ ಎರಡು ನದಿಗಳು ತರುವ ಮರಳು ಅಳಿವೆಯಲ್ಲಿ ಕೂರುತ್ತದೆ, ತುಂಬಿದ ಬೋಟುಗಳು ನೀರೇರುವ ಭರತದ ಹೊತ್ತಿಗೆ ಕಾಯಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳು ತಮ್ಮ ಇಲಾಖೆಗೆ ಕಾಗದಪತ್ರ ಮುಗಿಸಲು ಸಿಗುವ ಅವಕಾಶವಾಗಿವೆ. ಕಡಲು ಶಾಂತವಾದೊಡನೆ ಹೂಳೆತ್ತುವ ಯಂತ್ರ ನೀರಿಗಿಳಿಯಬೇಕಾದರೆ ಟೆಂಡರು ಮಳೆಗಾಲದಲ್ಲೇ ಮುಗಿದಿರಬೇಕು. ಮಳೆ ನಿಂತ ಮೇಲೆ ಕರೆದ ಟೆಂಡರಿನಿಂದ ಆ ವರ್ಷದ ಮೀನುಗಾರನಿಗೆ ಏನೂ ದಕ್ಕುವುದಿಲ್ಲ.

ಕುಂದಾಪುರದಿಂದ ಕೆಲವೇ ಕಿಲೋಮೀಟರ್ ಒಳಗೆ, ವಾರಾಹಿಯ ದಂಡೆಯಲ್ಲಿರುವ ಬಸ್ರೂರಿನ ಸ್ಥಿತಿಯೇ ಬೇರೆ. ಒಂದು ಕಾಲದಲ್ಲಿ ಊರಿನ ಮೂಡುಕೇರಿ, ಪಡುವಕೇರಿಗಳ ಸೆಟ್ಟಿಕಾರರೆಂಬ ವರ್ತಕರು ಇಲ್ಲಿಂದ ಅಕ್ಕಿಯನ್ನು ಕಡಲಾಚೆಗೆ ಕಳುಹಿಸುತ್ತಿದ್ದರು. ಆ ಅಕ್ಕಿಯ ಆಸೆಗಾಗಿಯೇ ಪೋರ್ಚುಗೀಸರು 1569ರಲ್ಲಿ ಇಲ್ಲಿ ಕಾಲೂರಿದರು, 1665ರಲ್ಲಿ ಶಿವಾಜಿಯ ನೌಕಾದಳ ಇದೇ ಊರಿನ ಮೇಲೆ ದಾಳಿ ಮಾಡಿತು. ಇಂದು ಮಧ್ಯಾಹ್ನದ ಹೊತ್ತು ಅಲ್ಲಿ ನಡೆದರೆ ತೆಂಗಿನ ತೋಟ, ಹೆಂಚಿನ ಮನೆಗಳು, ದೇವಸ್ಥಾನಗಳು, ಅವುಗಳ ಶಾಸನಗಳು. ಬಂದರಿನ ಗದ್ದಲದ ಗುರುತೂ ಇಲ್ಲ. ಈ ಮೌನವನ್ನು ಹಿಂದುಳಿದಿರುವಿಕೆ ಎಂದು ಓದುವ ಅಧಿಕಾರಿಗಳು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಬಸ್ರೂರಿಗೆ ಮತ್ತೆ ಬಂದರು ಬೇಕಿಲ್ಲ. ಕಾಂಕ್ರೀಟು ಜೆಟ್ಟಿ, ಸೆಲ್ಫಿ ಕಟ್ಟೆಗಳೂ ಬೇಕಿಲ್ಲ. ಅದಕ್ಕೆ ಬೇಕಾದದ್ದು ಅಗ್ಗದ, ಆದರೆ ಉದ್ಘಾಟನೆಯ ಫಲಕಕ್ಕೆ ಒದಗದ ಕೆಲಸಗಳು. ಉಪ್ಪುನೀರು ಗದ್ದೆಗೆ ನುಗ್ಗದಂತೆ ದಂಡೆಯನ್ನು ಭದ್ರಪಡಿಸುವುದು, ನದಿಯಂಚಿನ ಹಳೆಯ ಕಲ್ಲುಕಟ್ಟುಗಳನ್ನು ಕಾಮಗಾರಿಯ ಜೆಸಿಬಿ ಮುಟ್ಟುವ ಮೊದಲು ಪುರಾತತ್ತ್ವ ಇಲಾಖೆಯೊಂದಿಗೆ ಜಂಟಿಯಾಗಿ ಗುರುತಿಸಿ ನಕ್ಷೆ ಮಾಡುವುದು, ಮರಳು ತೆಗೆಯುವವರ ಮೇಲೆ ಕಣ್ಣಿಡುವುದು. ಮೊದಲಿನ ಎರಡಕ್ಕೆ ಊರಿನ ಹಿರಿಯರನ್ನು ಜೊತೆಗಿಟ್ಟುಕೊಂಡರೆ ಕೆಲಸ ಅರ್ಧ ಮುಗಿದಂತೆ, ಏಕೆಂದರೆ ಯಾವ ತೋಟದ ಬೇಲಿಯೊಳಗೆ ಯಾವ ಕಲ್ಲು ಮಲಗಿದೆಯೆಂಬುದು ಅವರಿಗೆ ಗೊತ್ತು.

ಆದ್ದರಿಂದ ಹಳೆಬಂದರಿನ ಅಳಿವೆಯ ಆಳವನ್ನು ಮಳೆಗಾಲದ ಮೊದಲು ಮತ್ತು ನಂತರ ಅಳೆಸಿ, ಆ ಅಂಕಿಗಳನ್ನು ಧಕ್ಕೆಯಲ್ಲೇ ಕನ್ನಡದಲ್ಲಿ ಪ್ರಕಟಿಸಬೇಕೆಂದೂ, ವಾರಾಹಿ ದಂಡೆಯ ಯಾವುದೇ ಕಾಮಗಾರಿಗೆ ಮಂಜೂರಾತಿ ನೀಡುವ ಮೊದಲು ಬಸ್ರೂರಿನ ಗ್ರಾಮಸಭೆಯ ಮುಂದೆ ನಕ್ಷೆಯನ್ನು ಇಡಿಸಬೇಕೆಂದೂ ವಿನಂತಿಸುತ್ತೇನೆ. ಈ ಎರಡಕ್ಕೂ ಹೊಸ ಯೋಜನೆ ಬೇಡ, ತಮ್ಮ ಒಂದು ಸುತ್ತೋಲೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಕರಾವಳಿಯ ಒಬ್ಬ ನಾಗರಿಕ