ಓಕಿಫನೋಕಿಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಅಮೆರಿಕದ ಜಾರ್ಜಿಯಾದ ಓಕಿಫನೋಕಿ ಜೌಗು ನೋಡೋಕೆ ಹೊರಟವರು ಇದನ್ನೊಮ್ಮೆ ಓದಿಬಿಡಿ.

ನಾವು ಹೋಗುವುದು ಫೋಕ್‌ಸ್ಟನ್ ಕಡೆಯ ಪೂರ್ವದ ಬಾಗಿಲಿಗೆ. ಫಾರ್ಗೋ ಕಡೆಯ ಪಶ್ಚಿಮದ ಬಾಗಿಲು ಬೇರೆ, ಮ್ಯಾಪ್‌ನಲ್ಲಿ ಸುಮ್ನೆ ಜೌಗಿನ ಹೆಸರು ಹಾಕಿದರೆ ಅಲ್ಲಿಗೂ ಕರೆದುಕೊಂಡು ಹೋಗಬಹುದು, ನೋಡಿಕೊಳ್ಳಿ.

ಬೆಳಿಗ್ಗೆ ಮೊದಲು ದೋಣಿ. ಸುವಾನೀ ಕಾಲುವೆಯಲ್ಲಿ ಕನೂ ಬಾಡಿಗೆಗೆ ಸಿಗುತ್ತದೆ, ಹುಟ್ಟು ಹಾಕಲು ಬಾರದವರಿಗೆ ಮೋಟಾರ್ ದೋಣಿಯ ಟೂರ್ ಇದೆ. 1890ರ ದಶಕದಲ್ಲಿ ಇಡೀ ಜೌಗನ್ನೇ ಬತ್ತಿಸಿ ಮರ ಕಡಿದು ದುಡ್ಡು ಮಾಡೋಣ ಅಂತ ಒಂದು ಕಂಪನಿ ತೋಡಿದ ಕಾಲುವೆ ಇದು, ಜೌಗು ಬತ್ತಲಿಲ್ಲ, ಕಂಪನಿಯೇ ಮುಳುಗಿತು! ನೀರು ಹಾಲು ಹಾಕದ ಚಹಾದ ಹಾಗೆ ಕಾಣುತ್ತದೆ. ಅದು ಕೊಳಕಲ್ಲ, ಕೊಳೆತ ಎಲೆ ಬೇರುಗಳಿಂದ ಬಿಟ್ಟ ಬಣ್ಣ. ಹಾಗಂತ ಈಜೋಕೆ ಇಳಿಯುವಂತಿಲ್ಲ, ಅಲಿಗೇಟರ್‌ಗಳು ದಡದಲ್ಲೇ ಬಿದ್ದಿರುತ್ತವೆ. ಚಕ್ಕುಲಿ, ಚಿಪ್ಸ್ ಏನನ್ನೂ ಅವಕ್ಕೆ ಎಸೆಯಬೇಡಿ. ಮಕ್ಕಳ ಕೈ ದೋಣಿಯ ಒಳಗೇ ಇರಲಿ.

ಊಟ ಆದಮೇಲೆ ಚೆಸರ್ ದ್ವೀಪದ ಹಲಗೆ ದಾರಿ. ಕೊನೆಯಲ್ಲಿ ಗೋಪುರ ಇದೆ, ದುರ್ಬೀನು ಇದ್ದವರು ತನ್ನಿ. ಕಾರಿನಲ್ಲಿ ಹೋಗುವಾಗ ಪೈನ್ ಮರಗಳಿಗೆ ಬಿಳಿ ಪಟ್ಟಿ ಬಳಿದಿದ್ದರೆ ಅಲ್ಲೇ ನಿಧಾನ ಮಾಡಿ: ಅಪರೂಪದ ಮರಕುಟಿಗ ಜೀವಂತ ಮರದಲ್ಲೇ ಕೊರೆದ ಗೂಡಿನ ಗುರುತು ಅದು.

ಟೋಪಿ, ನೀರು, ಸೊಳ್ಳೆ ಕ್ರೀಮು ಮರೀಬೇಡಿ. ನಾಯಿ ಕರೆತರುವ ಯೋಚನೆ ಇದ್ದರೆ ಬಿಟ್ಟುಬಿಡಿ, ದೋಣಿಗೆ ಹತ್ತಿಸಲ್ಲ. ಯಾರ ಕಾರಲ್ಲಿ ಎಷ್ಟು ಸೀಟು ಖಾಲಿ ಅಂತ ಇವತ್ತೇ ಇಲ್ಲಿ ಹಾಕಿ.